ಬಲ್ಲಮಹಾದೇವಿಯ ಪಡಿಯಚ್ಚು

ಚೌಕಟ್ಟಿನ ಹಿಂದಿನ ಹಲಗೆ ಬಿಚ್ಚಿ, ಆಳೆತ್ತರದ ಆ ಹಾಳೆಯನ್ನು ಮೇಜಿನ ಮೇಲೆ ಬೋರಲು ಮಲಗಿಸಿದಾಗ ಪ್ರೊಫೆಸರ್ ಎಲೆನ್ ಅದರ ಮೇಲೆ ಬಾಗಿದರು. ಅಂಗೈಯಿಂದ ಒಮ್ಮೆ ಸವರಿದರು. ಕನ್ನಡಕ ತೆಗೆದು ಇನ್ನೊಮ್ಮೆ ಸವರಿದರು. ಆಮೇಲೆ ತಮ್ಮ ವಿದ್ಯಾರ್ಥಿನಿ ಪ್ರೇರಣಾಳ ಕಡೆ ತಿರುಗಿ, "ಪ್ರೇರಣಾ, ಇದು ಸಪಾಟಾಗಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

ಅದು 2023ರ ನವೆಂಬರಿನ ಒಂದು ಭಾನುವಾರ. ಸ್ಯಾನ್ ಡಿಯೇಗೋದ ಕರ್ನಿ ಮೆಸಾದಲ್ಲಿ ಬಾಡಿಗೆಗೆ ಹಿಡಿದ ಸಭಾಂಗಣ. ರಾಜ್ಯೋತ್ಸವದ ಜೊತೆಗೆ ಆ ವರ್ಷ ನಮ್ಮ ಕನ್ನಡ ಸಂಘದವರು ಆಳುಪರ ಬಗ್ಗೆ ಪ್ರದರ್ಶನ ಇಟ್ಟಿದ್ದರು. ಆಳುಪರೆಂದರೆ ತುಳುನಾಡನ್ನು ಸುಮಾರು ಸಾವಿರ ವರ್ಷ ಆಳಿದ ಮನೆತನ. ಜೋಡಿ ಮೀನು ಅವರ ಲಾಂಛನ; ಮಂಗಳೂರು, ಉದ್ಯಾವರ, ಬಾರಕೂರು ಅವರ ರಾಜಧಾನಿಗಳು. ಘಟ್ಟದ ಮೇಲೆ ಚಾಲುಕ್ಯರು ಬಂದರು, ರಾಷ್ಟ್ರಕೂಟರು ಬಂದರು, ಹೊಯ್ಸಳರು ಬಂದರು. ಇವರು ಒಮ್ಮೆ ತಲೆಬಾಗಿ, ಒಮ್ಮೆ ತಿರುಗಿಬಿದ್ದು, ಕಡಲಂಚಿನ ತಮ್ಮ ನೆಲವನ್ನು ಮಾತ್ರ ಬಿಡಲಿಲ್ಲ. ನಾನು ಬಳ್ಳಾರಿಯವನು, ಕಡಲಿಗೂ ನನಗೂ ಸಂಬಂಧವಿಲ್ಲ. ಆದರೂ ಆ ಛಲವನ್ನು ಮೆಚ್ಚದೆ ಇರಲಾರೆ.

ಪ್ರದರ್ಶನದ ಮುಖ್ಯ ವಸ್ತುವೇ ಆ ಹಾಳೆ. ಅದು ಶಾಸನದ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕಾಗದವು ಅಕ್ಷರದ ಕುಳಿಗಳೊಳಗೆ ಇಳಿಯುವ ತನಕ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಕುಳಿಗಳಿಗೆ ಮಸಿ ತಾಗದೆ ಅಕ್ಷರಗಳು ಬಿಳಿಯಾಗಿ ಉಳಿಯುತ್ತವೆ. ಕಾಗದ ಒಣಗಿದ ಮೇಲೆ ಅದರ ಬೆನ್ನಿನಲ್ಲಿ ಅಷ್ಟೂ ಅಕ್ಷರ ಉಬ್ಬಿರುತ್ತವೆ, ಬೆರಳಿಟ್ಟರೆ ಸಿಗುತ್ತವೆ. ಎಲೆನ್ ಹುಡುಕಿದ್ದು ಆ ಉಬ್ಬುಗಳನ್ನು. ಮೇಜಿನ ಮೇಲಿದ್ದ ಹಾಳೆಯ ಬೆನ್ನು ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿನಷ್ಟು ನುಣುಪಾಗಿತ್ತು.

"ಇದು ಪ್ರಿಂಟು" ಎಂದು ಸಂಘದ ಅಧ್ಯಕ್ಷ ಗಿರೀಶ ಸಿಡಿದ. ಟೆಲಿಕಾಂ ಟವರುಗಳ ನಕ್ಷೆ ಬರೆಯುವ ಎಂಜಿನಿಯರ್ ಅವನು. ಒಳ್ಳೆಯವನೇ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. "ಏನಮ್ಮಾ ಇದು? ಮೂರು ತಿಂಗಳಿಂದ ಎಲ್ಲರಿಗೂ ಹೇಳ್ಕೊಂಡು ಬಂದಿದೀನಿ, ಒರಿಜಿನಲ್ ಬರುತ್ತೆ ಅಂತ. ನಮ್ಮ ಸಂಘದ ಮರ್ಯಾದೆ ಏನಾಗ್ಬೇಕು?"

"ಅಂಕಲ್, ನಾನು ತಂದದ್ದು ಇದಲ್ಲ" ಎಂದಳು ಪ್ರೇರಣಾ. "ನಮ್ಮ ಅಜ್ಜ ಕೈಯಾರೆ ಬಡಿದು ತೆಗೆದದ್ದು ಬೇರೆ ಉಂಟು. ಯಾರೋ ಬದಲಾಯಿಸಿದ್ದಾರೆ."

ಆಗ ಹಾಲಪ್ಪನವರು ಮುಂದೆ ಬಂದರು. ದಾವಣಗೆರೆ ಕಡೆಯವರು, ಎಪ್ಪತ್ತೆರಡು ವರ್ಷ, ನಿವೃತ್ತ ಎಂಜಿನಿಯರ್. ಇಪ್ಪತ್ತೆರಡು ವರ್ಷ ಆಳುಪರ ಚರಿತ್ರೆಯ ಬೆನ್ನು ಹತ್ತಿ ಪುಸ್ತಕ ಬರೆದವರು. ಅವರ ಭಾಷಣ ನಾನು ಒಂದೂ ಬಿಟ್ಟವನಲ್ಲ. ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಬಿಡಪ್ಪಾ ಗಿರೀಶ. ಚಿಕ್ಕ ವಯಸ್ಸು, ಥೀಸಿಸ್ ಅವಸರ. ಮಕ್ಕಳು ತಪ್ಪು ಮಾಡ್ತಾರೆ, ದೊಡ್ಡದು ಮಾಡ್ಬೇಡಿ" ಎಂದರು. ಎಂಥ ದೊಡ್ಡ ಮನಸ್ಸು ಎಂದುಕೊಂಡು ನನ್ನ ಕಣ್ಣೇ ಮಂಜಾಯಿತು.

ಆದರೆ ಎಲೆನ್‌ಗೆ ಇದನ್ನು ಚಿಕ್ಕದು ಮಾಡಲು ಬರುವಂತಿರಲಿಲ್ಲ. ಲಾಸ್ ಏಂಜಲೀಸ್ ಹತ್ತಿರದ ನಾರ್ತ್‌ರಿಜ್‌ನ ವಿಶ್ವವಿದ್ಯಾಲಯದಲ್ಲಿ ಪ್ರೇರಣಾಳ ಎಂ.ಎ. ಥೀಸಿಸ್ ನಿಂತಿದ್ದೇ ಆ ಹಾಳೆಯ ಮೇಲೆ. ಕಲ್ಲು ಈಗ ಇಲ್ಲ. ಬಾರಕೂರಿನ ಹತ್ತಿರ ರಸ್ತೆ ಅಗಲ ಮಾಡುವಾಗ ಪುಡಿಯಾಯಿತು. ಐವತ್ತು ವರ್ಷದ ಹಿಂದೆ ಅವಳ ತಾಯಿಯ ಸೋದರಮಾವ, ಶಾಲೆ ಮೇಷ್ಟ್ರು, ಸೈಕಲ್ಲಿನಲ್ಲಿ ಹೋಗಿ ತೆಗೆದ ಈ ಪಡಿಯಚ್ಚೊಂದೇ ಉಳಿದದ್ದು. "ಬುಧವಾರ ಬೆಳಿಗ್ಗೆ ನಾನು ಡಿಪಾರ್ಟ್‌ಮೆಂಟಿಗೆ ವರದಿ ಕೊಡಲೇಬೇಕು. ಅಷ್ಟರೊಳಗೆ ಮೂಲ ಸಿಕ್ಕರೆ ನನಗಿಂತ ಸಂತೋಷಪಡುವವರು ಯಾರೂ ಇಲ್ಲ" ಎಂದರು. ವರದಿ ಹೋದರೆ ಡಿಗ್ರಿ ಹೋಗುತ್ತದೆ, ಡಿಗ್ರಿ ಹೋದರೆ ವೀಸಾ ಹೋಗುತ್ತದೆ. ಫೋರ್ಜರಿ ಮಾಡಿದವಳೆಂಬ ಹೆಸರು ಮಾತ್ರ ಉಳಿಯುತ್ತದೆ.

ಪ್ರೇರಣಾ ಜನರನ್ನು ಸರಿಸಿಕೊಂಡು ನೇರವಾಗಿ ನಮ್ಮ ಸಾಲಿಗೆ ಬಂದಳು. ನನ್ನ ಕಡೆ ನೋಡಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಕಲಾವತಿಯವರಿಗೆ, "ಆಂಟಿ, ನೀವು ಹುಡುಕಿಕೊಡ್ತೀರಿ ಅಂತ ಎಲ್ಲರೂ ಹೇಳ್ತಾರೆ. ನನ್ನ ಹತ್ರ ಬೇರೆ ದಾರಿ ಇಲ್ಲ" ಎಂದಳು.

ಕಲಾವತಿಯವರ ಬಗ್ಗೆ ಎರಡು ಮಾತು. ನಾವಿಬ್ಬರೂ ಒಂದೇ ಫೋನ್ ಕಂಪನಿಯಲ್ಲಿ ದುಡಿದವರು. ಕೆಟ್ಟುಹೋದ ಫೋನು ಬಿಚ್ಚಿ ಅದು ಯಾಕೆ ಕೆಟ್ಟಿತು, ಯಾರ ಕೈಯಲ್ಲಿ ಕೆಟ್ಟಿತು ಎಂದು ಹೇಳುವುದು ಅವರ ಕೆಲಸ. ನೀರಿಗೆ ಬೀಳಿಸಿ, ಬೀಳಿಸಿಲ್ಲವೆಂದು ಆಣೆ ಹಾಕಿದ ಗಿರಾಕಿಗಳನ್ನೇ ಇಪ್ಪತ್ತಾರು ವರ್ಷ ನೋಡಿದ ಹೆಂಗಸಿನ ಮುಂದೆ ಸುಳ್ಳು ಹೇಳುವುದು ಕಷ್ಟ. ನಿವೃತ್ತರಾದ ಮೇಲೆ ಸ್ಯಾನ್ ಡಿಯೇಗೋದಿಂದ ಲಾಸ್ ಏಂಜಲೀಸ್‌ವರೆಗೆ ಕನ್ನಡಿಗರ ಮನೆಯಲ್ಲಿ ಏನು ಕಳೆದರೂ ಅವರಿಗೇ ಫೋನು. ಅವರಿಗಿರುವ ಭಯ ಒಂದೇ, ಫ್ರೀವೇ ಹೆದ್ದಾರಿಯಲ್ಲಿ ಕಾರು ಓಡಿಸುವುದು. ಹಾಗಾಗಿ ಪಕ್ಕದ ಮನೆಯ ಈ ಜಯಂತ ಅವರ ಡ್ರೈವರ್, ಗುಮಾಸ್ತ, ಬೈಗುಳ ತಿನ್ನುವ ಜೊತೆಗಾರ ಎಲ್ಲವೂ ಹೌದು.

ಕಲಾವತಿಯವರು ಎದ್ದು ಹೋಗಿ ಹಾಳೆಯನ್ನು ಮುಂಬದಿಗೆ ತಿರುಗಿಸಿದರು. ಭೂತಗನ್ನಡಿ ಹಿಡಿದು ಅಂಚುಗಳನ್ನು ನೋಡುತ್ತಾ ಹೋದರು. ಬಲಗಡೆಯ ಕೆಳಮೂಲೆಯಲ್ಲಿ, ಮಸಿ ತಾಗದ ಖಾಲಿ ಅಂಚಿನಲ್ಲಿ, ಬೆರಳ ತುದಿಯಷ್ಟು ಅಗಲದ ಹಳದಿ ಕಲೆ ಇತ್ತು. ಅಲ್ಲಿ ಸ್ವಲ್ಪ ಹೊತ್ತು ನಿಂತರು.

"ಜಯಂತ್, ಈ ಕಲೆ ನೆನಪಿಟ್ಕೊಳ್ಳಿ."

"ಯಾಕೆ?"

"ಯಾಕೆ ಅಂತ ಗೊತ್ತಿದ್ರೆ ನಾನೇ ನೆನಪಿಟ್ಕೋತಿದ್ದೆ. ಈ ಹಾಳೆ ನಮ್ಮ ಮನೇಲಿರ್ಲಿ. ಯಾರೂ ಮುಟ್ಟೋದು ಬೇಡ."

ಹಾಳೆ ಯಾರ ಯಾರ ಕೈ ದಾಟಿತು ಎಂಬುದನ್ನು ಪ್ರೇರಣಾ ಹೇಳಿದಳು. ಶುಕ್ರವಾರ ಮಧ್ಯಾಹ್ನ ರಜತ್ ಎಂಬ ಗೆಳೆಯ ಅವಳನ್ನು ನಾರ್ತ್‌ರಿಜ್‌ನಿಂದ ಕಾರಿನಲ್ಲಿ ಕರೆತಂದಿದ್ದ. ಇಬ್ಬರೂ ಗಿರೀಶನ ಮನೆಯಲ್ಲಿ ಇಳಿದುಕೊಂಡರು. ಶನಿವಾರ ಬೆಳಿಗ್ಗೆ ಹಾಲಪ್ಪನವರು ಬಂದು, ದೊಡ್ಡ ದೀಪದ ಕೆಳಗೆ ಒಮ್ಮೆ ಓದಿನೋಡುತ್ತೇನೆಂದು ಅದನ್ನು ಸುತ್ತಿಟ್ಟಿದ್ದ ಕೊಳವೆಯ ಸಮೇತ ತಮ್ಮ ಮನೆಗೆ ಒಯ್ದು, ಸಂಜೆ ನಾಲ್ಕಕ್ಕೆ ತಂದುಕೊಟ್ಟರು. ಐದಕ್ಕೆ ರಜತ್ ಅದನ್ನು ಸಭಾಂಗಣಕ್ಕೆ ತಂದು ಚೌಕಟ್ಟು ಹಾಕಿದ. ಆಮೇಲೆ ಭಾನುವಾರ ಬೆಳಗಿನವರೆಗೆ ಬೀಗದ ಕೈ ಗಿರೀಶನ ಹತ್ತಿರ. ಈ ಎರಡು ದಿನ ಪ್ರೇರಣಾ ಗಿರೀಶನ ತಾಯಿ ಶಿವಬಸವ್ವನವರ ಜೊತೆ ಅಡುಗೆಮನೆಯಲ್ಲೇ ಇದ್ದಳು.

"ಮೂರೇ ಜನ" ಎಂದೆ ನಾನು. "ಗಿರೀಶನ ಆಫೀಸಿನಲ್ಲಿ ಆಳೆತ್ತರದ ಪ್ರಿಂಟರ್ ಇದೆ. ರಜತ್ ಕಲ್ವರ್ ಸಿಟಿಯಲ್ಲಿ ಸಿನಿಮಾಗಳಿಗೆ ಹಳೇ ಪತ್ರ, ಹಳೇ ನಕ್ಷೆ ಮಾಡಿಕೊಡೋನು."

"ಹಾಲಪ್ಪನವರೂ ನಕ್ಷೆನ ಮನೇಲೇ ಪ್ರಿಂಟ್ ಮಾಡ್ತಾರೆ" ಎಂದರು ಕಲಾವತಿ. ಗೋಡೆಯ ಮೇಲೆ ಅವರ ಆಳುಪ ರಾಜ್ಯದ ನಕ್ಷೆ ನೇತಾಡುತ್ತಿತ್ತು, ನಿಜವಾಗಿಯೂ ಸೊಗಸಾದದ್ದು.

"ಅವರನ್ನೂ ಲೆಕ್ಕಕ್ಕೆ ಹಿಡೀತೀರಾ? ಆ ಮಗುವನ್ನು ಸಮರ್ಥಿಸಿದ್ದೇ ಅವರೊಬ್ಬರು."

"ಸಮರ್ಥಿಸಿದ್ರಾ? 'ಮಕ್ಕಳು ತಪ್ಪು ಮಾಡ್ತಾರೆ' ಅಂದ್ರು. ಅವಳೇ ಮಾಡಿದ್ದು ಅಂತ ಮೊದಲು ತೀರ್ಮಾನ ಕೊಟ್ಟಿದ್ದೂ ಅವರೇ." ನನಗೆ ಕೋಪ ಬಂತು. ಸಾಧುಗಳಲ್ಲೂ ಹುಳುಕು ಹುಡುಕುವುದು ಈಕೆಯ ಕೆಟ್ಟ ಚಟ ಎಂದುಕೊಂಡೆ.

ಊಟಕ್ಕೆ ಅದೇ ರಸ್ತೆಯ ದೋಸೆ ಹೋಟೆಲಿಗೆ ಹೋದಾಗ ಹಾಲಪ್ಪನವರು ನಮ್ಮ ಜೊತೆಗೇ ಬಂದರು. ನಕ್ಷೆ ತಂದಿದ್ದ ಉದ್ದನೆಯ ಕೊಳವೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೇ ಕಷ್ಟಪಟ್ಟು ದೋಸೆ ತಿಂದರು. ಗೋಡೆಗೆ ಒರಗಿಸಿಡುತ್ತೇನೆಂದು ನಾನು ಕೈಚಾಚಿದರೆ, "ಬೇಡ ಬೇಡ, ಇರ್ಲಿ" ಎಂದರು. ಮಾತೆಲ್ಲ ಶಾಸನದ್ದೇ. ಬಾರಕೂರಿನಿಂದ ಆಳಿದ ರಾಣಿ ಬಲ್ಲಮಹಾದೇವಿಯ ಬಗ್ಗೆ ಅವರು ಹೇಳತೊಡಗಿದರೆ ಸಾಂಬಾರು ಆರಿದ್ದೂ ಗೊತ್ತಾಗುವುದಿಲ್ಲ.

"ಪ್ರೇರಣಾ ಏನು ಹೇಳ್ತಾಳೆ, ನೀವೇನು ಹೇಳ್ತೀರಿ?" ಎಂದು ಕಲಾವತಿ ಕೇಳಿದರು.

"ಮಗ ಇನ್ನೂ ಚಿಕ್ಕವನು, ಅವನ ಪರವಾಗಿ ತಾಯಿ ಆಳಿದಳು ಅಂತ ನಾನು. ಅವಳೇ ಪಟ್ಟದಲ್ಲಿದ್ದಳು, ಮಗ ಬೆಳೆದ ಮೇಲೂ ಇಳೀಲಿಲ್ಲ ಅಂತ ಹುಡುಗಿ. ಮಗನ ಹೆಸರು ಸಾಕ್ಷಿಗಳ ಸಾಲಿನಲ್ಲಿ ಇದೆಯಂತೆ. ಸಾಕ್ಷಿ ಹಾಕ್ಬೇಕಾದ್ರೆ ಪ್ರಾಯಕ್ಕೆ ಬಂದಿರ್ಬೇಕಲ್ಲ? ಆದ್ರೆ ಆ ಜಾಗದಲ್ಲಿ ಮಸಿ ಜಾಸ್ತಿ ಕೂತು ಮುಂದಿನಿಂದ ಓದೋಕಾಗಲ್ಲ. ಬೆನ್ನಲ್ಲೇ ನೋಡ್ಬೇಕು. ಈಗ ಬೆನ್ನೇ ಇಲ್ಲ, ಪಾಪ." ಅವರು ನಿಟ್ಟುಸಿರು ಬಿಟ್ಟರು.

ಸೋಮವಾರ ಬೆಳಿಗ್ಗೆ ನಾವು ಲಾಸ್ ಏಂಜಲೀಸಿಗೆ ಹೊರಟೆವು. 405 ಫ್ರೀವೇಯ ಮೇಲೆ ಆಮೆಯ ನಡಿಗೆ. ನಾನು ಮುಂದಿನ ಲಾರಿಯವನ ವಂಶವನ್ನೆಲ್ಲ ಶಪಿಸುತ್ತಿದ್ದರೆ ಪಕ್ಕದಲ್ಲಿ ಕಲಾವತಿ ಕಣ್ಣು ಮುಚ್ಚಿ ಸೀಟಿನ ಅಂಚು ಹಿಡಿದು ಕೂತಿದ್ದರು.

ನಾರ್ತ್‌ರಿಜ್‌ನಲ್ಲಿ ನಾಲ್ಕು ಹುಡುಗಿಯರು ಹಂಚಿಕೊಂಡ ಅಪಾರ್ಟ್‌ಮೆಂಟು. ಪ್ರೇರಣಾಳ ಕೋಣೆಯಲ್ಲಿ ಪುಸ್ತಕ ಬಿಟ್ಟರೆ ಒಂದು ಹಾಸಿಗೆ. ಪ್ರಿಂಟರ್ ಅಂತ ಇದ್ದದ್ದು ರೊಟ್ಟಿಯಷ್ಟು ಕಾಗದ ಹಿಡಿಯುವಂಥದ್ದು. ರೂಮ್‌ಮೇಟ್ ಸಂಹಿತಾ ಗುರುವಾರ ತೆಗೆದ ವಿಡಿಯೋ ತೋರಿಸಿದಳು. ಪ್ರೇರಣಾ ಹಾಳೆಯನ್ನು ನೆಲದ ಮೇಲೆ ಹರಡಿ, ಇಷ್ಟಿಷ್ಟೇ ಸುತ್ತಿ, ಕೊಳವೆಗೆ ಇಳಿಸುತ್ತಿದ್ದಳು. ಕಲಾವತಿ ವಿಡಿಯೋ ನಿಲ್ಲಿಸಿ ಬಲಗಡೆಯ ಕೆಳಮೂಲೆಯನ್ನು ದೊಡ್ಡದು ಮಾಡಿ ನೋಡಿದರು. ಅಲ್ಲಿ ಹಳದಿ ಕಲೆ ಇರಲಿಲ್ಲ.

"ಆಂಟಿ, ಅವಳು ಫೋರ್ಜರಿ ಮಾಡೋಳಲ್ಲ" ಎಂದಳು ಸಂಹಿತಾ. "ನಮ್ಮ ಬಾಡಿಗೆ ಅಗ್ರಿಮೆಂಟಲ್ಲಿ ಡೇಟ್ ತಪ್ಪಿದ್ರೂ ಕೂತ್ಕೊಂಡು ಸರಿಮಾಡ್ಸ್ತಾಳೆ."

ಅಲ್ಲಿಂದ ಕಲ್ವರ್ ಸಿಟಿ. ರಜತ್ ಬೆಂಗಳೂರಿನ ಹುಡುಗ. ಅವನ ವರ್ಕ್‌ಶಾಪಿನ ತುಂಬ ಚಹಾ ನೀರಿನಲ್ಲಿ ಅದ್ದಿ ಹಳೆಯದು ಮಾಡಿದ ಕಾಗದಗಳು ಹಗ್ಗದ ಮೇಲೆ ಒಣಗುತ್ತಿದ್ದವು. ನಮ್ಮನ್ನು ಕಂಡೊಡನೆ ಅವನ ಮುಖ ಗಂಟಾಯಿತು.

"ಎಲ್ಲರೂ ನನ್ನ ಮೇಲೇ ಡೌಟ್ ಪಡ್ತಿದಾರೆ ಅಂತ ಗೊತ್ತು, ಆಂಟಿ. ಒಂದು ಹೇಳ್ಲಾ? ನಾನು ಮಾಡಿದ್ರೆ ಇದಕ್ಕಿಂತ ಚೆನ್ನಾಗಿ ಮಾಡ್ತಿದ್ದೆ."

"ಅದನ್ನ ನಂಬ್ತೀನಿ" ಎಂದರು ಕಲಾವತಿ, ಗಂಭೀರವಾಗಿಯೇ. "ಚೌಕಟ್ಟು ಹಾಕುವಾಗ ಏನಾದ್ರೂ ವಿಚಿತ್ರ ಅನ್ನಿಸ್ತಾ?"

"ವಿಚಿತ್ರ ಅಂತಲ್ಲ. ಶುಕ್ರವಾರ ನೋಡಿದಾಗ ಕಾಗದ ಎದ್ದೆದ್ದು ಕೂತಿತ್ತು, ಸರಿಯಾಗಿ ಕೂರಿಸೋಕೆ ಕಷ್ಟ ಆಗುತ್ತೆ ಅಂತ ಇಲ್ಲಿಂದ ತಂದ ತೂಕದ ಕಲ್ಲು ಎಲ್ಲ ಹಾಲ್‌ಗೆ ಹೊತ್ಕೊಂಡು ಹೋದೆ. ಬೇಕಾಗ್ಲೇ ಇಲ್ಲ. ಹಾಸಿದ ತಕ್ಷಣ ನೀಟಾಗಿ ಮಲಗ್ತು. ಕೊಳವೆಯಲ್ಲಿ ಸುತ್ತಿಟ್ಟು ಸರಿಹೋಗಿದೆ ಅಂದ್ಕೊಂಡೆ."

ಹಿಂದಿರುಗುವ ದಾರಿಯಲ್ಲಿ, ಸಂಜೆ ಐದರ ಹೊತ್ತಿಗೆ, ಗಿರೀಶನ ಮನೆಗೆ ಹೋದೆವು. ಗಿರೀಶ ಆಫೀಸಿನಿಂದ ಬಂದಿರಲಿಲ್ಲ. ಶಿವಬಸವ್ವನವರು ಎಲೆಗೆ ಸುಣ್ಣ ಸವರಿಕೊಂಡು ಕೂತಿದ್ದರು. ಗದಗಿನ ಹೆಣ್ಣುಮಗಳು, ಮಾತು ಮೆಣಸಿನಕಾಯಿ. ಕಲಾವತಿ ಹಾಳೆಯ ಹೆಸರೆತ್ತದೆ, ಶುಕ್ರವಾರ ಏನೇನು ನಡೆಯಿತು ಎಂದಷ್ಟೇ ಕೇಳಿದರು.

"ಏನ್ ನಡೀತದ? ಹೋಳಿಗಿ ಮಾಡಿದ್ದೆ. ಆ ಹುಡುಗಿ ರಾಣಿ ಕಾಗದ ಬಿಚ್ಚಿ ತೋರಿಸಿದ್ಲು. ಅಷ್ಟ್ ದೊಡ್ಡ ರಾಣಿ ಮನಿಗಿ ಬಂದ್ರ ಅರಿಷಿಣ ಕುಂಕುಮ ಇಲ್ಲದ ಕಳಸ್ತಾರೇನು? ಲಗ್ನದ ಕಾಗದಕ್ಕ ನಾಕ್ ಮೂಲಿಗಿ ಹಚ್ಚೂದಿಲ್ಲ? ಹಂಗ ಅರಿಷಿಣ ಕಲಸಿ ಒಂದ್ ಮೂಲಿಗಿ ಹಚ್ಚಿದ್ದೆ, ಅಷ್ಟ್ರಾಗ ಆ ಪೋರಿ ಹೌಹಾರಿ ನನ್ನ ಕೈ ಹಿಡ್ಕೊಂಡ್ಲು! ಐವತ್ತ್ ವರ್ಷದ ಕಾಗದ ಅಜ್ಜೀ ಅಂತ ಕಣ್ಣಾಗ ನೀರು. ನಾ ಬಿಟ್ಟೆ."

"ಆಗ ಯಾರ್ಯಾರು ಇದ್ರು, ಅಮ್ಮ?"

"ನಾನು, ನನ್ನ ಮಗ, ಆ ಹುಡುಗಿ, ಮತ್ತ ಸಿನಿಮಾದಾಂವ ರಜತ್. ಸೊಸಿ ಊರಿಗಿ ಹೋಗ್ಯಾಳ. ನಾಕ ಮಂದಿ. ಗಿರೀಶ ನಕ್ಕೋತ ಕುಂತಿದ್ದ."

ಕಾರಿಗೆ ಬಂದ ಮೇಲೆ ನಾನು, "ಕಲೆ ಅರಿಶಿನದ್ದು! ಹಾಗಾದರೆ ಹುಡುಗಿ ಸಿಕ್ಕಿಬಿದ್ದಳಲ್ಲ? ಅಜ್ಜಿ ಅರಿಶಿನ ಹಚ್ಚಿದ್ದೇ ನಕಲಿಗೆ ಅಂತ ಆಯಿತು" ಎಂದೆ. ನನಗೆ ನಿಜಕ್ಕೂ ಸಂಕಟವಾಗಿತ್ತು.

"ಆಗಿರಬಹುದು. ಇಲ್ಲದೆಯೂ ಇರಬಹುದು" ಎಂದರು ಕಲಾವತಿ. "ನಾಳೆ ನಾಲ್ಕು ಗಂಟೆಗೆ ಎಲ್ಲರನ್ನೂ ಇಲ್ಲಿಗೇ ಕರೀರಿ. ಹಾಲಪ್ಪನವರಿಗೆ ನಕ್ಷೆ ತರೋಕೆ ಹೇಳಿ, ಎಲೆನ್‌ಗೆ ತೋರಿಸ್ಬೇಕು ಅಂತ."

ಮಂಗಳವಾರ ನಾಲ್ಕಕ್ಕೆ ಗಿರೀಶನ ಮನೆಯ ಹಾಲಿನಲ್ಲಿ ಎಲ್ಲರೂ ಸೇರಿದರು. ಎಲೆನ್ ಲ್ಯಾಪ್‌ಟಾಪಿನ ಪರದೆಯ ಮೇಲಿದ್ದರು. ಗಿರೀಶ ಕೈಕಟ್ಟಿ ನಿಂತಿದ್ದ, ರಜತ್ ಬಾಗಿಲ ಬಳಿ. ಹಾಲಪ್ಪನವರು ನಕ್ಷೆಯನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಪ್ರೇರಣಾ ಶಿವಬಸವ್ವನವರ ಪಕ್ಕ ನೆಲದ ಮೇಲೆ ಕೂತಿದ್ದಳು. ಎರಡು ದಿನದಲ್ಲಿ ಕಣ್ಣು ಗುಳಿಬಿದ್ದಿದ್ದವು.

ಕಲಾವತಿ ನಕಲಿ ಹಾಳೆಯನ್ನು ಮೇಜಿನ ಮೇಲೆ ಹರಡಿ, ಶುಕ್ರವಾರ ಅಜ್ಜಿ ಅರಿಶಿನ ಹಚ್ಚಿದ್ದನ್ನು ಎಲ್ಲರಿಗೂ, ಎಲೆನ್‌ಗೆ ಇಂಗ್ಲಿಷಿನಲ್ಲೂ, ವಿವರಿಸಿದರು. "ಕಲೆ ಇಲ್ಲಿದೆ. ಈಗ ಎರಡೇ ದಾರಿ. ಈ ಕಲೆ ನಿಜವಾದ ಅರಿಶಿನ ಆಗಿದ್ರೆ, ಶುಕ್ರವಾರ ಪ್ರೇರಣಾ ಬಿಚ್ಚಿ ತೋರಿಸಿದ್ದೇ ಈ ನಕಲಿ. ಆಗ ಅವಳು ಸುಳ್ಳುಗಾತಿ, ನಾನೇ ಹಾಗಂತ ಹೇಳ್ತೀನಿ. ಕಲೆಯೂ ಪ್ರಿಂಟ್ ಆಗಿದ್ರೆ, ಅಜ್ಜಿ ಹಚ್ಚಿದ ಮೇಲೆ ಯಾರೋ ಮೂಲದ ಫೋಟೋ ತೆಗೆದು ಇದನ್ನು ಮಾಡಿದ್ದಾರೆ. ಅಮ್ಮ, ಆರತಿಗೆ ಕೆಂಪು ನೀರು ಹೇಗೆ ಮಾಡ್ತೀರಿ?"

"ಅರಿಷಿಣದ ನೀರಿಗಿ ಸುಣ್ಣ ಹಾಕಿದ್ರ ಕೆಂಪಾಗ್ತದ. ಇದನ್ನೂ ನಾ ಹೇಳ್ಬೇಕೇನು?"

"ನಿಮ್ಮ ಸುಣ್ಣದ ಡಬ್ಬಿ ಕೊಡಿ."

ಕಲಾವತಿ ಮೊದಲು ಅಡುಗೆಮನೆಯ ಅರಿಶಿನವನ್ನು ಅದೇ ಹಾಳೆಯ ಇನ್ನೊಂದು ಮೂಲೆಗೆ ಹಚ್ಚಿ, ಅದರ ಮೇಲೆ ಹತ್ತಿಯಿಂದ ಒಂದು ಹನಿ ಸುಣ್ಣದ ನೀರು ಬಿಟ್ಟರು. ಕ್ಷಣದಲ್ಲಿ ಅದು ಕೆಂಪಗಾಯಿತು. ಆಮೇಲೆ ಹತ್ತಿಯನ್ನು ಮತ್ತೆ ಅದ್ದಿ ಹಳೆಯ ಕಲೆಯ ಮೇಲೆ ಹಿಡಿದರು. ಪ್ರೇರಣಾ ಕಣ್ಣು ಮುಚ್ಚಿಕೊಂಡಳು. ಹನಿ ಬಿತ್ತು, ಹರಡಿತು, ಇಂಗಿತು. ಹಳದಿ ಹಳದಿಯಾಗಿಯೇ ಉಳಿಯಿತು.

"ಬರೀ ಪ್ರಿಂಟರ್ ಇಂಕು" ಎಂದರು ಕಲಾವತಿ. "ಅಂದ್ರೆ ಈ ನಕಲಿ ಹುಟ್ಟಿದ್ದು ಶುಕ್ರವಾರ ಸಂಜೆಯ ಮೇಲೆ. ಆ ಹೊತ್ತಿನಿಂದ ಭಾನುವಾರ ಬೆಳಗಿನ ತನಕ ಪ್ರೇರಣಾ ಈ ಮನೆ ಬಿಟ್ಟು ಹೋಗಿಲ್ಲ."

ಶಿವಬಸವ್ವನವರು ಮಗನ ಕಡೆ ಒಂದು ನೋಟ ಬಿಟ್ಟರು. ಗಿರೀಶ ಕೈ ಬಿಚ್ಚಿ, "ಸಾರಿ ಪ್ರೇರಣಾ. ನಾನು ದುಡುಕಿದೆ" ಎಂದ. ಅಷ್ಟು ಬೇಗ ಅವನು ತಪ್ಪೊಪ್ಪಿಕೊಂಡದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

"ಇನ್ನು ಮಾಡಿದ್ದು ಯಾರು? ಹಾಳೆ ಮೂರು ಜನರ ಕೈಗೆ ಹೋಗಿತ್ತು" ಎಂದು ಕಲಾವತಿ ಮುಂದುವರಿಸಿದರು. "ಕಲೆಯೇ ಹೇಳುತ್ತೆ. ಪ್ರೇರಣಾ ನಾರ್ತ್‌ರಿಜ್‌ನಲ್ಲೇ ನಕಲಿ ಮಾಡಿ ತಂದಳು ಅಂತ ಎಲ್ಲರೂ ನಂಬಬೇಕಿತ್ತು. ಹಾಗಿದ್ರೆ ಸ್ಯಾನ್ ಡಿಯೇಗೋದಲ್ಲಿ ಬಿದ್ದ ಕಲೆ ಅದರಲ್ಲಿ ಇರಲೇಬಾರದು. ಅಜ್ಜಿ ಅರಿಶಿನ ಹಚ್ಚೋದನ್ನ ಕಣ್ಣಾರೆ ಕಂಡವರು ಫೋಟೋದಿಂದ ಅದನ್ನ ಒಂದು ನಿಮಿಷದಲ್ಲಿ ಅಳಿಸಿಬಿಡ್ತಿದ್ರು. ಗಿರೀಶ ಕಂಡಿದ್ದ, ರಜತ್ ಕಂಡಿದ್ದ, ಪ್ರೇರಣಾ ಅಂತೂ ಅತ್ತಿದ್ದಳು. ಕಾಣದೇ ಇದ್ದವರಿಗೆ ಮಾತ್ರ ಅದು ಐವತ್ತು ವರ್ಷದ ಹಳೇ ಕಲೆ. ಹಳೇದರ ಗುರುತು ಅಂತ ಜೋಪಾನವಾಗಿ ಉಳಿಸ್ಕೊಂಡ್ರು. ಶನಿವಾರ ರಜತ್ ಕೈಗೆ ಬರೋ ಹೊತ್ತಿಗೇ ಹಾಳೆ ನೀಟಾಗಿ ಮಲಗ್ತಿತ್ತು. ಅಂದ್ರೆ ಬದಲಾಗಿದ್ದು ಅದಕ್ಕಿಂತ ಮುಂಚೆ."

ನಾನು ಮನಸ್ಸಿನಲ್ಲೇ ಎಣಿಸಿದೆ. ಮೂವರಲ್ಲಿ ಇಬ್ಬರನ್ನು ಕಳೆದರೆ ಉಳಿಯುವ ಹೆಸರು ನನ್ನ ನಾಲಿಗೆಗೆ ಬರಲೊಲ್ಲದು.

"ಜಯಂತ, ನೀನೂ ನಂಬ್ತೀಯೇನೋ?" ಎಂದರು ಹಾಲಪ್ಪನವರು. ನಾನು ನೆಲ ನೋಡಿದೆ.

"ಸರ್, ಭಾನುವಾರ ನಿಮ್ಮ ನಕ್ಷೆ ಗೋಡೆ ಮೇಲಿತ್ತು. ಆದ್ರೂ ಖಾಲಿ ಇರ್ಬೇಕಾದ ಕೊಳವೆಯನ್ನ ತೊಡೆ ಮೇಲಿಟ್ಕೊಂಡು ದೋಸೆ ತಿಂದ್ರಿ" ಎಂದರು ಕಲಾವತಿ ಮೆಲ್ಲಗೆ. "ಇವತ್ತು ನಕ್ಷೆ ರಬ್ಬರ್ ಬ್ಯಾಂಡ್ ಹಾಕ್ಕೊಂಡು ಬಂದಿದೆ. ಕೊಳವೆ ಬೇರೆ ಯಾವುದಕ್ಕೋ ಬೇಕಾಗಿದೆ. ನೀವು ಅದನ್ನ ಸುಟ್ಟಿರಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಶಾಸನ ಸುಡೋ ಕೈ ಅಲ್ಲ ನಿಮ್ಮದು."

ಹಾಲಪ್ಪನವರು ನಕ್ಷೆಯ ಸುರುಳಿಯನ್ನು ಮೇಜಿನ ಮೇಲಿಟ್ಟರು. "ಶನಿವಾರ ಬೆಳಿಗ್ಗೆ ಓದೋಕೆ ಅಂತಲೇ ತಗೊಂಡು ಹೋದೆ. ಬೇರೆ ಯೋಚನೆ ಇರ್ಲಿಲ್ಲ" ಎಂದು ಶುರುಮಾಡಿದರು. "ಬೆನ್ನ ಮೇಲೆ ಬೆರಳಾಡಿಸಿದೆ. ಮಗನ ಹೆಸರು ಬೆರಳಿಗೆ ಸಿಕ್ತು, ಸಾಕ್ಷಿಗಳ ಸಾಲಲ್ಲಿ. ಇಪ್ಪತ್ತೆರಡು ವರ್ಷ ಬರೆದಿದ್ದೆಲ್ಲ ಒಂದು ಬೆರಳಿನ ಕೆಳಗೆ ಸುಳ್ಳಾಯ್ತು. ತಲೆ ಕೆಟ್ಟುಹೋಯ್ತು. ಬೆನ್ನಿಲ್ಲದ ಹಾಳೆ ಇದ್ರೆ ಹುಡುಗಿ ಮಾತು ಯಾರೂ ನಂಬಲ್ಲ ಅನ್ನಿಸ್ತು. ಅವಳ ಬದುಕು ಹೋಗುತ್ತೆ ಅಂತ ಭಾನುವಾರದ ತನಕ ಹೊಳೀಲಿಲ್ಲ. ಹೊಳೆದ ಮೇಲೂ ಬಾಯಿ ಬಿಡ್ಲಿಲ್ಲ. ಅದು ಇನ್ನೂ ದೊಡ್ಡ ತಪ್ಪು."

ನಾನೇ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಅವರ ಮನೆಗೆ ಹೋದೆ. ಹೋಗುತ್ತ ಹತ್ತು ನಿಮಿಷ, ಬರುತ್ತ ಹತ್ತು ನಿಮಿಷ. ಅವರ ಮೇಲೆ ಸಿಟ್ಟು, ಮರುಕ, ನನ್ನ ಮೂರ್ಖತನದ ಮೇಲೆ ನಾಚಿಕೆ, ಎಲ್ಲವೂ ಒಟ್ಟಿಗೇ ಕುದಿಯುತ್ತಿದ್ದವು. ಬರುವಾಗ ಅವರು ಕೊಳವೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದರು.

ಮೂಲ ಹಾಳೆಯನ್ನು ಬೋರಲು ಹಾಸಿದಾಗ ಅದರ ಬೆನ್ನಿನ ತುಂಬ ಅಕ್ಷರಗಳು ಎದ್ದುನಿಂತಿದ್ದವು. ರಜತ್ ಟಾರ್ಚನ್ನು ಪಕ್ಕದಿಂದ ಹಿಡಿದ. ಪ್ರತಿಯೊಂದು ಸಾಲೂ ನೆರಳು ಚೆಲ್ಲಿತು. ಪರದೆಯ ಮೇಲೆ ಎಲೆನ್ ಕುರ್ಚಿಯಿಂದ ಎದ್ದೇಬಿಟ್ಟರು. ಪ್ರೇರಣಾ ಮುಟ್ಟಲಿಲ್ಲ. ಹಾಲಪ್ಪನವರ ಕಡೆ ತಿರುಗಿ, "ನೀವೇ ಓದಿ" ಎಂದಳು.

"ನಾನಾ?"

"ಹೌದು. ನಾನು ಓದಿದರೆ ನಂಬ್ಲಿಕ್ಕೆ ಕಷ್ಟ ಉಂಟು ಅಂತ ಮಾಡಿದ್ದು ನೀವು. ಇಷ್ಟು ಜನರಲ್ಲಿ ಬೆನ್ನಿನಿಂದ ಓದ್ಲಿಕ್ಕೆ ಬರೋದು ನನಗೆ ಬಿಟ್ಟರೆ ನಿಮಗೆ. ಎಲೆನ್‌ಗೆ ಕೇಳ್ಬೇಕು. ಗಟ್ಟಿಯಾಗಿ ಓದಿ."

ಬೆನ್ನಿನಲ್ಲಿ ಅಕ್ಷರಗಳು ತಿರುಗುಮುರುಗಾಗಿರುತ್ತವೆ. ಬಲದಿಂದ ಎಡಕ್ಕೆ ಬೆರಳು ನಡೆಸಬೇಕು. ಹಾಲಪ್ಪನವರು ಮಂಡಿಯೂರಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದಲೇ ಓದತೊಡಗಿದರು. ಆ ವಿದ್ಯೆಗೆ ನಾನು ಈಗಲೂ ತಲೆಬಾಗುತ್ತೇನೆ. ರಾಣಿಯ ಬಿರುದುಗಳು ಬಂದವು, ಬಾರಕನ್ಯಾಪುರದ, ಎಂದರೆ ಬಾರಕೂರಿನ, ಅರಮನೆ ಬಂತು, ಬಲ್ಲಮಹಾದೇವಿಯರು ಪೃಥ್ವೀರಾಜ್ಯಂ ಗೆಯ್ಯುತ್ತಿರಲು ಎಂಬ ಸಾಲು ಬಂತು. ರಾಜ್ಯವಾಳುವ ಆ ಸಾಲಿನಲ್ಲಿ ಮಗನ ಹೆಸರು ಎಲ್ಲೂ ಇರಲಿಲ್ಲ. ಕೊನೆಗೆ ಸಾಕ್ಷಿಗಳ ಸಾಲು. ಒಂದು ಹೆಸರು, ಇನ್ನೊಂದು ಹೆಸರು, ಮೂರನೆಯದಕ್ಕೆ ಅವರ ಬೆರಳು ನಿಂತಿತು. ಪ್ರೇರಣಾ ಕಾದಳು, ಸಹಾಯ ಮಾಡಲಿಲ್ಲ. ಅವರು ಮಗನ ಹೆಸರನ್ನು ಓದಿದರು. ಆಮೇಲೆ ಕಣ್ಣು ತೆರೆದು ಪರದೆಯ ಕಡೆ ನೋಡಿ ಇಂಗ್ಲಿಷಿನಲ್ಲಿ, "ನಿಮ್ಮ ವಿದ್ಯಾರ್ಥಿನಿ ಹೇಳಿದ್ದು ಸರಿ. ನನ್ನ ಪುಸ್ತಕ ತಪ್ಪು" ಎಂದರು.

"ನಾಳೆ ನಾನು ವರದಿ ಮಾಡುವಂಥದ್ದು ಏನೂ ಇಲ್ಲ" ಎಂದರು ಎಲೆನ್. ಆಮೇಲೆ, "ಪ್ರೇರಣಾ, ಥೀಸಿಸ್‌ನಲ್ಲಿ ಈ ಓದಿಗೆ ಯಾರ ಹೆಸರು ಕೊಡುತ್ತೀಯ?" ಎಂದು ಕೇಳಿದರು.

ಪ್ರೇರಣಾ ಆಗ ಮೊದಲ ಸಲ ಹಾಳೆಯ ಮೇಲೆ ಕೈಯಿಟ್ಟಳು. "ಬೆನ್ನಿನ ಓದು ಹಾಲಪ್ಪನವರದ್ದು ಅಂತ ಬರೀತೇನೆ" ಎಂದಳು. "ಮೂರು ದಿನ ಇದು ಅವರ ಮನೆಯಲ್ಲಿತ್ತು, ಯಾಕೆ ಇತ್ತು, ಅದನ್ನೂ ಬರೀತೇನೆ. ಒಂದನ್ನು ಬಿಟ್ಟು ಒಂದನ್ನು ಬರೀಲಿಕ್ಕೆ ನನಗೆ ಬರೋದಿಲ್ಲ."

ಹಾಲಪ್ಪನವರು ಎದ್ದೇಳಲು ಮೇಜಿನ ಅಂಚು ಹಿಡಿದರು. ಗಿರೀಶ ಎಬ್ಬಿಸಲು ಹೋದವನು ತಾಯಿಯ ಸಿಟ್ಟಿನ ಮುಖ ನೋಡಿ ನಿಂತ.

"ಬರಿಯಮ್ಮಾ" ಎಂದರು ಹಾಲಪ್ಪನವರು. "ಎರಡನ್ನೂ ಬರಿ."